ಉಪ್ಪುಂದದ ಲೈನು, ರಾಜೀವನ ಕೈಗುಣ

ರಾಜೀವನಿಗೆ ತನ್ನ ಬುದ್ಧಿಯ ಮೇಲೆ ದೊಡ್ಡ ನಂಬಿಕೆ ಹುಟ್ಟಿದ್ದು ಬದುಕಿನಲ್ಲಿ ಒಂದೇ ಸಲ. ಆ ಒಂದು ಸಲದ ಕತೆಯನ್ನು ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಾನೆ. ಬೇರೆಯವರು ಹೇಳಿ ನಗುವ ಮೊದಲು ತಾನೇ ಹೇಳುವುದು ಲೇಸೆಂದು ಅವನಿಗೆ ತಡವಾಗಿಯಾದರೂ ಗೊತ್ತಾಗಿದೆ.

ಕುಂದಾಪುರದ ಒಂದು ಮೀನುಗಾರರ ಸಹಕಾರಿ ಸಂಘದಲ್ಲಿ ಅವನು ಮೊದಲು ಇದ್ದದ್ದು ಐಸ್ ಪ್ಲಾಂಟಿನಲ್ಲಿ. ಐಸು ಪುಡಿ ಮಾಡುವ ಯಂತ್ರದ ಸದ್ದಿಗೆ ಕಿವಿ ಒಪ್ಪಿಸಿ, ಮರಗಟ್ಟಿದ ಬೆರಳಲ್ಲಿ ಚೀಟಿ ಬರೆಯುವ ಕೆಲಸ. ಪೇಟೆಯಲ್ಲಿ ಅವನು ಒಂದಿಷ್ಟು ಕಂಪ್ಯೂಟರ್ ಕಲಿತಿದ್ದ. ಅದು ಗೊತ್ತಿದ್ದ ಅಧ್ಯಕ್ಷ ಕಿಟ್ಟಣ್ಣ, ಸಂಘಕ್ಕೆ ಕಂಪ್ಯೂಟರ್ ಬಂದಾಗ ಅವನನ್ನು ಆಫೀಸಿಗೆ ಕರೆಸಿ ಫ್ಯಾನಿನ ಕೆಳಗೆ ಕೂರಿಸಿದರು. ತಿರುಗುವ ಕುರ್ಚಿ. ಮೊದಲ ದಿನ ಯಾರೂ ಇಲ್ಲದ ಹೊತ್ತು ನೋಡಿ ರಾಜೀವ ಅದರಲ್ಲಿ ಒಂದು ಸುತ್ತು ಬಂದ. ಹೆಂಡತಿ ಪದ್ದು ಹೊಸ ಶರ್ಟು ಹೊಲಿಸಿದಳು. ಜನ ಅವನನ್ನು 'ಸಿಸ್ಟಮ್ ರಾಜೀವಣ್ಣ' ಎಂದು ಕರೆಯತೊಡಗಿದರು. ಆ ಹೆಸರು ಕೇಳಿದಾಗಲೆಲ್ಲ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಆಗೆಲ್ಲ ಶಾಖೆಗಳಲ್ಲಿ ಮೀನಿನ ಲೆಕ್ಕ ಬರೆದ ಚೀಟಿಗಳ ಕಟ್ಟು ಸಂಜೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕುಂದಾಪುರಕ್ಕೆ ಬರುತ್ತಿತ್ತು. ಎರಡು ಸಾವಿರದ ಎಂಟರ ಸುಮಾರಿಗೆ ರಾಜೀವ ಮಂಗಳೂರಿಗೆ ಹೋಗಿ ತರಬೇತಿ ಪಡೆದು, ಹೊಸದೊಂದು ಸಾಫ್ಟ್‌ವೇರಿನ ಸುದ್ದಿ ತಂದ. ಶಾಖೆಯಲ್ಲಿ ಹಾಕಿದ ಪ್ರತಿ ಚೀಟಿಯೂ ಒಂದು ಸಂದೇಶವಾಗಿ ಸಾಲಿನಲ್ಲಿ ನಿಲ್ಲುತ್ತದೆ. ಒಂದರ ಹಿಂದೆ ಒಂದರಂತೆ ಕುಂದಾಪುರಕ್ಕೆ ಬರುತ್ತದೆ. ದಾರಿ ಕಡಿದರೆ ಸಾಲು ಅಲ್ಲೇ ಕಾಯುತ್ತದೆ, ಯಾವುದೂ ಕಳೆಯುವುದಿಲ್ಲ. "ಇನ್ನ್ ಕಂಡಕ್ಟ್ರಿಗೆ ಕಟ್ಟ್ ಕೊಡೂದ್ ಬೇಡ" ಎಂದು ಅವನು ಆಡಳಿತ ಮಂಡಳಿಯ ಮುಂದೆ ಎದೆ ತಟ್ಟಿ ಹೇಳಿದ. ಕಳ್ಳರು ನುಗ್ಗದಂತೆ ಫೈರ್‌ವಾಲ್ ಎಂಬ ಕಾವಲನ್ನೂ ತಾನೇ ಕೂರಿಸಿದ. ಚಳಿಗಾಲ, ಬೇಸಿಗೆ ಎಲ್ಲ ಚೆಂದವಾಗಿ ನಡೆಯಿತು.

ಮಳೆ ಹಿಡಿದದ್ದೇ ಉಪ್ಪುಂದದ ಲೈನು ಕಡಿಯಲು ಶುರುವಾಯಿತು.

ಉಪ್ಪುಂದ ಶಾಖೆಯ ಮೆನೇಜರ್ ಪಂಕಜಾಕ್ಷಿಯ ಫೋನು ಬರುತ್ತಿತ್ತು. "ರಾಜೀವಣ್ಣ, ಚೀಟಿ ಹೋತಿಲ್ಲೆ ಕಾಣಿ. ಕಡ್ದ್ ಹೋಯ್ತ್."

"ಮಳಿ ಇತ್ತಾ ಅಲ್ಲಿ?"

"ಮಳಿ ಅಂದ್ರೆ ಎಂತ ಮಳಿ, ಎದ್ರ್ ಮನಿ ಕಾಂತಿಲ್ಲೆ."

ಅಲ್ಲಿಗೆ ರಾಜೀವನ ತನಿಖೆ ಮುಗಿಯಿತು. ನಮ್ಮ ಕಡೆ ಆಷಾಢದಲ್ಲಿ ಏನು ಕೆಟ್ಟರೂ ಅಪರಾಧಿ ಒಬ್ಬನೇ. ಬಾಗಿಲು ಉಬ್ಬಿದರೆ ಮಳೆ, ಬೆಂಕಿಪೆಟ್ಟಿಗೆ ಹತ್ತದಿದ್ದರೆ ಮಳೆ, ಮೊಣಕಾಲು ನೋವಿಗೂ ಮಳೆ. ಸಾಕ್ಷಿಯೂ ಗಟ್ಟಿಯಾಗಿತ್ತು: ದಿನಾ ಬೆಳಿಗ್ಗೆ ಯಂತ್ರ ಹಾಕಿದಾಗ ಲೈನು ಹೊಸದಾಗಿ ಹಿಡಿಯುತ್ತಿತ್ತು, ಮಳೆ ಜೋರಿದ್ದ ದಿನ ಮಾತ್ರ ನಡುವೆ ಕಡಿಯುತ್ತಿತ್ತು, ಹೊಳವಾದ ದಿನ ಸರಿ ಇರುತ್ತಿತ್ತು. ರಾಜೀವ ಕೇಬಲ್ ಬದಲಿಸಿದ. ಮೋಡೆಮ್ಮಿಗೆ ಪ್ಲಾಸ್ಟಿಕ್ ಸುತ್ತಿದ. ಶಾಖೆಯ ಹೆಂಚಿನ ಮಾಡು ಹತ್ತಿ ಟಾರ್ಪಾಲು ಕಟ್ಟುವಾಗ ಪಾಚಿಗೆ ಜಾರಿ, ಕೆಳಗಿನ ಬಾಳೆಗಿಡದ ಮೇಲೆ ಬಿದ್ದು, ಬಾಳೆಯ ದಯೆಯಿಂದ ಸೊಂಟ ಉಳಿಸಿಕೊಂಡ. ಆದರೂ ಲೈನು ಕಡಿಯುವುದು ನಿಲ್ಲಲಿಲ್ಲ.

ಒಂದು ಸಂಗತಿ ಮಾತ್ರ ವಿಚಿತ್ರವಾಗಿತ್ತು. ರಾಜೀವ ಉಪ್ಪುಂದಕ್ಕೆ ಬಂದು ಕೂತ ದಿನ ಎಂಥ ಮಳೆ ಹೊಯ್ದರೂ ಲೈನಿಗೆ ಏನೂ ಆಗುತ್ತಿರಲಿಲ್ಲ. ಅವನು ಗಳಿಗೆಗೊಮ್ಮೆ, ನಮ್ಮ ಕಡೆ ಒಬ್ಬರನ್ನೊಬ್ಬರು ಕೂಗಿ ಕರೆಯುವ ಹಾಗೆ, 'ಹ್ವಾಯ್' ಎಂದು ಒಂದು ಪರೀಕ್ಷೆಯ ಸಂದೇಶ ಕಳಿಸಿ ನೋಡುತ್ತಿದ್ದ; ಪ್ರತಿ ಸಲವೂ ಅದು ಕುಂದಾಪುರ ಮುಟ್ಟುತ್ತಿತ್ತು. ಅವನು ಹೊರಟು ಹೋದ ಮರುದಿನ ಮತ್ತೆ ಅದೇ ರಾಗ.

"ನಿಮ್ಮ ಕೈಗುಣ ಮಾರಾಯ್ರೆ" ಎಂದಳು ಪಂಕಜಾಕ್ಷಿ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ನಿಂತು ಯೋಚಿಸುತ್ತಿದ್ದರು. ರಾಜೀವ ನಂಬಿಬಿಟ್ಟ. ಅವನ ಅಜ್ಜಿ ಸರ್ಪಸುತ್ತಿಗೆ ಮದ್ದು ಕೊಡುತ್ತಿದ್ದವಳು, ಕೈಗುಣ ವಂಶದಲ್ಲೇ ಇತ್ತು. ಬಸ್ಸಿನಲ್ಲಿ ಕೂತಾಗ ಅವನು ತನ್ನ ಅಂಗೈಯನ್ನು ಹೊಸದಾಗಿ ನೋಡಿಕೊಂಡ. ಪದ್ದುವಿಗೂ ಹೇಳಿದ. ಅವಳು "ಹಂಗಾರೆ ಆ ಮಿಕ್ಸಿಯೂ ಒಂಚೂರ್ ಮುಟ್ಟಿ ಕಾಣಿ" ಎಂದಳು. ಮುಟ್ಟಿದ. ಮಿಕ್ಸಿ ಅವನ ಕೈಗುಣಕ್ಕೆ ಜಗ್ಗಲಿಲ್ಲ.

ಕಿಟ್ಟಣ್ಣ ಸುಮ್ಮನಿರಲಿಲ್ಲ. ಅವರು ಹಳೆಯ ದೋಣಿಯವರು. ಮಾತಿನಷ್ಟೇ ಲೆಕ್ಕವೂ ಗಟ್ಟಿ. "ಸೀಜನ್ ಶುರುವಾಪತಿಗೆ ಸರಿ ಆಯ್ಕ್ ರಾಜೀವ" ಎಂದರು. "ಆಯ್ಲಿಲ್ಲ ಅಂದ್ರೆ ಬಸ್ಸೇ ಸೈ. ನೀನ್ ಐಸ್ ಪ್ಲಾಂಟಿಗ್ ಹೋಗ್." ರಾಜೀವನಿಗೆ ಅಲ್ಲೇ ಬೆರಳು ಮರಗಟ್ಟಿದಂತಾಯಿತು. ಐಸ್ ಪ್ಲಾಂಟಿಗೆ ಅವನು ಹೆದರಲಿಲ್ಲ. ಹೆದರಿದ್ದು, 'ಸಿಸ್ಟಮ್ ರಾಜೀವಣ್ಣ ಮತ್ತೆ ಐಸಿಗೆ ಬಂದ' ಎಂದು ಜನ ಹೇಳುವುದಕ್ಕೆ. ಮರುದಿನದಿಂದಲೇ ಅವನು ಉಪ್ಪುಂದದಲ್ಲಿ ಠಿಕಾಣಿ ಹೂಡಿ, ಹ್ವಾಯ್ ಹ್ವಾಯ್ ಎಂದು ಕಳಿಸುತ್ತ ಕೂತ.

ಆಷಾಢ ಮುಗಿಯುವ ಹೊತ್ತಿಗೆ ಒಂದು ದಿನ ಫಳ್ಳನೆ ಬಿಸಿಲು ಬಂತು. ನಾಡದೋಣಿಯವರೆಲ್ಲ ಕಡಲಿಗೆ ಓಡಿದರು. ಶಾಖೆಯಲ್ಲಿ ನರಪಿಳ್ಳೆ ಇಲ್ಲ. ಪಂಕಜಾಕ್ಷಿ ಮನೆಯಿಂದ ತಂದ ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ. ಉಂಡು, ಬಿಸಿಲಿಗೆ ಬೆನ್ನು ಕೊಟ್ಟು ಕೂತ ರಾಜೀವ ಹಾಗೇ ನಿದ್ದೆಹೋದ. ಎದ್ದು, ಬಾಯಿ ಒರೆಸಿಕೊಂಡು ಒಂದು ಹ್ವಾಯ್ ಕಳಿಸಿದ. ಅದು ಹೋಗಲಿಲ್ಲ.

ಆಕಾಶದಲ್ಲಿ ಮೋಡ ಇಲ್ಲ. ಕೈಗುಣ ಖುದ್ದಾಗಿ ಕುರ್ಚಿಯ ಮೇಲಿತ್ತು. ಆದರೂ ಲೈನು ಕಡಿದಿತ್ತು.

ರಾಜೀವ ಬಹಳ ಹೊತ್ತು ಪರದೆಯನ್ನೇ ನೋಡಿದ. ಮಳೆ ಅಲ್ಲ, ತಾನೂ ಅಲ್ಲ. ಹಾಗಾದರೆ ಇವತ್ತು ಇಲ್ಲದಿದ್ದದ್ದು ಯಾವುದು? ಚೀಟಿ ಇರಲಿಲ್ಲ, ಹ್ವಾಯ್ ಇರಲಿಲ್ಲ. ಲೈನಿನಲ್ಲಿ ಮಾತೇ ಇರಲಿಲ್ಲ. ಆಗ ತಟ್ಟನೆ ಅವನಿಗೆ ಫೈರ್‌ವಾಲ್ ನೆನಪಾಯಿತು. ಮಂಗಳೂರಿನ ತರಬೇತಿಯಲ್ಲಿ, ಸುಮ್ಮನೆ ತೆರೆದುಕೊಂಡಿರುವ ದಾರಿ ಅಪಾಯ ಎಂದಿದ್ದರು. ಅದನ್ನು ಶಿರಸಾವಹಿಸಿ, ಸ್ವಲ್ಪ ಹೊತ್ತು ಮಾತಿಲ್ಲದ ಲೈನನ್ನು ಕಡಿದುಬಿಡು ಎಂದು ಕಾವಲಿಗೆ ಹೇಳಿ ಇಟ್ಟವನು ಅವನೇ. ಸೀಜನ್ನಿನಲ್ಲಿ ಚೀಟಿಗಳು ಎಡೆಬಿಡದೆ ಓಡುತ್ತಿದ್ದವು, ಕಾವಲಿಗೆ ಕೆಲಸವಿರಲಿಲ್ಲ. ಮಳೆಗಾಲದಲ್ಲಿ ಬೋಟುಗಳು ದಡ ಸೇರಿ, ಶಾಖೆಗಳಲ್ಲೆಲ್ಲ ಚಿಕ್ಕದಾದ ಉಪ್ಪುಂದದಲ್ಲಿ ಚೀಟಿ ಕಮ್ಮಿ. ಮಳೆ ಜೋರಾದರೆ ಆ ಕಮ್ಮಿಯೂ ಇಲ್ಲ. ಕಾವಲು ಹೇಳಿದ ಕೆಲಸವನ್ನು ನಿಯತ್ತಿನಿಂದ ಮಾಡಿತ್ತು. ಕಡಿದದ್ದು ಎರಡೂ ಕಡೆಯ ಯಂತ್ರಗಳಿಗೆ ಗೊತ್ತಿಲ್ಲ. ದಾರಿ ಇದೆ ಎಂದೇ ನಂಬಿ ಅವು ಕೂತಿದ್ದವು. ಮುಂದಿನ ಚೀಟಿ ಬಂದಾಗಲೇ ಗುಟ್ಟು ಬಯಲಾಗುತ್ತಿತ್ತು.

ಮದ್ದು ಬಹಳ ಚಿಕ್ಕದು. ಹೇಳುವುದಕ್ಕೆ ಏನೂ ಇಲ್ಲದಿದ್ದರೂ ಆಗಾಗ ಒಂದು ಸದ್ದು ಮಾಡಿ, 'ಇದ್ದೀಯಾ?' 'ಇದ್ದೇನೆ' ಎಂದುಕೊಳ್ಳಿ ಎಂದು ಎರಡೂ ಯಂತ್ರಗಳಿಗೆ ಹೇಳಿಡುವುದು. ಆ ಸದ್ದು ಕಾವಲಿನ ತಾಳ್ಮೆ ಮುಗಿಯುವುದಕ್ಕೆ ಮುಂಚೆ ಆಗಬೇಕು, ಅಷ್ಟೆ. ಸಾಫ್ಟ್‌ವೇರಿನಲ್ಲಿ ಅದಕ್ಕೆ ಜಾಗ ಮೊದಲಿನಿಂದಲೂ ಇತ್ತು. ರಾಜೀವ ಒಂದು ಅಂಕಿ ಬದಲಿಸಿದ. ಆಮೇಲೆ ಮಳೆ ಮತ್ತೆ ಹಿಡಿದು ದಿನವಿಡೀ ಒಂದು ಚೀಟಿ ಇಲ್ಲದಿದ್ದರೂ ಲೈನು ಅಲುಗಲಿಲ್ಲ. ಯಾರಿಗೂ ಏನೂ ಹೇಳದೆ ಅವನು ಕುಂದಾಪುರಕ್ಕೆ ಬಂದ. ಕೈಗುಣದ ಹೆಸರು ಹೇಗೂ ಬಂದಿದೆ, ಇರಲಿ ಬಿಡು ಎಂದುಕೊಂಡ.

ಮಂಡಳಿಯ ಸಭೆಯಲ್ಲಿ ಆ ಕೈಗುಣವೇ ಕೊರಳಿಗೆ ಉರುಳಾಯಿತು.

"ರಾಜೀವ ಹೋಯಿ ಕೂಕಂಡದ್ದಕ್ಕೆ ಸರಿ ಆಯ್ತ್, ಒಪ್ಪಿದೆ" ಎಂದರು ಕಿಟ್ಟಣ್ಣ. "ಆರೆ ಒಂದ್ ಲೈನ್ ಕಾಂಬುಕೆ ಒಂದ್ ಜನ ಕೂಕಣ್ಕ್ ಅಂದ್ರೆ, ಬಸ್ಸೇ ವಾಸಿ ಅಲ್ದಾ?" ಎಲ್ಲರೂ ತಲೆದೂಗಿದರು. ರಾಜೀವನಿಗೆ ಐಸಿನ ಯಂತ್ರದ ಸದ್ದು ಕೇಳಿಸತೊಡಗಿತು. ಮರ್ಯಾದೆ ಉಳಿಸಿಕೊಂಡರೆ ಕುರ್ಚಿ ಹೋಗುತ್ತದೆ, ಕುರ್ಚಿ ಬೇಕಾದರೆ ಮರ್ಯಾದೆ ಬಿಡಬೇಕು. ಅವನು ಎದ್ದು ನಿಂತ.

"ಅದ್ ಕೈಗುಣ ಅಲ್ಲ ಕಿಟ್ಟಣ್ಣ. ಮಳಿಯೂ ಅಲ್ಲ. ಮಾತಾಡ್ದಿದ್ ಲೈನ್ ಕಡಿ ಅಂದ್ ನಾನೇ ಹೇಳಿ ಇಟ್ಟದ್ದ್. ನಾನ್ ಅಲ್ಲಿದ್ದಾಗ ಹ್ವಾಯ್ ಹ್ವಾಯ್ ಅಂದ್ ಕಳಸ್ತಿದ್ದೆ, ಅದ್ಕೆ ಕಡಿಲಿಲ್ಲ. ಈಗ ಯಂತ್ರವೇ ಅದಷ್ಟಕ್ಕೆ ಹ್ವಾಯ್ ಅಂತ್. ನಾನ್ ಹೋಯ್ಕಂದಿಲ್ಲೆ."

ಕಿಟ್ಟಣ್ಣ ಕನ್ನಡಕ ತೆಗೆದು ಒರೆಸಿದರು. "ಮಾತಾಡ್ದಿದ್ದವ್ರನ್ನ ಕಡುದ್ ಅಂದ್ರೆ ಈ ಮಂಡಳಿಯಲ್ಲ್ ನಾನ್ ಒಬ್ನೇ ಉಳಿತಿದ್ದೆ" ಎಂದರು. ಮೇಜು ಅಲುಗುವಷ್ಟು ನಗು ಎದ್ದಿತು. ನಗು ಮುಗಿದ ಮೇಲೆ ಅವರು ಹೇಳಿದರು: "ಮುಂಚೆ ಕತ್ತಲಿಗೆ ದೋಣಿ ಹೋಪತಿಗೆ ನಾವೂ ಹಂಗೇ. ಹ್ವಾಯ್ ಅಂದ್ರೆ ಆಚಿ ದೋಣಿಯವ ಹ್ವಾಯ್ ಅಂಬ. ಎಂತ ವಿಷ್ಯ ಅಂದ್ ಯಾರೂ ಕೇಂತಿಲ್ಲ. ಇದ್ದ ಅಂದ್ ಗೊತ್ತಾರ್ ಸಾಕ್."

ಕುರ್ಚಿ ಉಳಿಯಿತು. ಅದಕ್ಕೆ ತೆರಿಗೆಯೂ ಬಿತ್ತು. ಮರುದಿನ ಮಧ್ಯಾಹ್ನ ಆಫೀಸಿನ ಫೋನು ರಿಂಗಾಯಿತು. "ಹ್ವಾಯ್ ರಾಜೀವ, ಇದ್ಯಾ?" ಕಿಟ್ಟಣ್ಣನ ಸ್ವರ. "ಇದ್ದೆ" ಎಂದ. ಫೋನು ಇಟ್ಟಾಯಿತು. ಅದರ ಮರುದಿನವೂ ಅದೇ. ರಾಜೀವನಿಗೆ ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಕಿಟ್ಟಣ್ಣ ಅಧ್ಯಕ್ಷಗಿರಿ ಬಿಟ್ಟು, ಹೆಂಡತಿಯನ್ನು ಕಳೆದುಕೊಂಡು, ಕಡಲ ಬದಿಯ ಕೋಡಿಯ ಮನೆಯಲ್ಲಿ ಮಗಳೊಂದಿಗೆ ಇರತೊಡಗಿದ ಮೇಲೂ ಫೋನು ನಿಲ್ಲಲಿಲ್ಲ. ರಾಜೀವ ಊಟದ ಡಬ್ಬಿ ತೆರೆಯುತ್ತಿದ್ದದ್ದೇ ಆ ಫೋನು ಬಂದ ಮೇಲೆ.

ಒಂದು ಮಧ್ಯಾಹ್ನ ಅದು ಬರಲಿಲ್ಲ.

ರಾಜೀವ ಮೊದಲು ಫೋನು ಕೆಟ್ಟಿದೆಯೇ ಎಂದು ಎತ್ತಿ ನೋಡಿದ. ಸರಿ ಇತ್ತು. ತಾನೇ ಫೋನು ಮಾಡಿದ. ಅತ್ತ ಯಾರೂ ಎತ್ತಲಿಲ್ಲ. ಮಾತಿಲ್ಲದ ಲೈನಿನ ವಿಚಾರ ಅವನಷ್ಟು ತಿಳಿದವರು ಯಾರಿದ್ದರು? ರಿಕ್ಷಾ ಹಿಡಿದು ಕೋಡಿಗೆ ಹೋದ. ದಾರಿಯುದ್ದಕ್ಕೂ ಆನೆಗುಡ್ಡೆ ಗಣಪತಿಗೆ ಹರಕೆಯ ಮೇಲೆ ಹರಕೆ ಹೇಳಿಕೊಂಡ.

ಕಿಟ್ಟಣ್ಣ ಜಗಲಿಯಲ್ಲಿ ಕೂತು ಬಲೆಯ ತುಂಡೊಂದನ್ನು ಹೆಣೆಯುತ್ತಿದ್ದರು.

"ಎಂತ ರಾಜೀವ, ಈ ಹೊತ್ತಿಗೆ? ಫೋನಿಗೆ ಕರೆನ್ಸಿ ಖಾಲಿ ಆಯಿತ್ತ್ ಮಾರಾಯ. ಮಗ್ಳ್ ಹಾಕ್ಸುಕೆ ಅಂದ್ ಪೇಟಿಗ್ ತಕಂಡ್ ಹೋಯಿದ್ಲ್." ಅವರು ಕತ್ತೆತ್ತಿದರು. "ಎಂತ ವಿಷ್ಯ?"

"ಎಂತ ಇಲ್ಲೆ" ಎಂದ ರಾಜೀವ, ಏದುಸಿರು ಬಿಡುತ್ತ. "ಸುಮ್ನೆ ಬಂದೆ."

ಅವನ ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಆಫೀಸಿನ ಬಚ್ಚಲಿನ ಹವಾಯಿ ಚಪ್ಪಲಿ ಇತ್ತು. ಕಿಟ್ಟಣ್ಣ ಅದನ್ನು ನೋಡಿದರು. ವರ್ಷಗಟ್ಟಲೆ ಅವನನ್ನು ಗೇಲಿ ಮಾಡಿದ ಮನುಷ್ಯ ಆ ದಿನ ನಗಲಿಲ್ಲ. ಬಲೆಯನ್ನು ಬದಿಗಿಟ್ಟು ಪಕ್ಕದಲ್ಲಿ ಜಾಗ ಮಾಡಿದರು.

"ಕೂಕೊ" ಎಂದರು. "ಚಾ ಕುಡ್ಕಂಡ್ ಹೋಯ್ಲಕ್."