ಕಂಕುಳಲ್ಲಿ ಕೂಸಿದ್ದ ಪಾದಚಾರಿ

ಓಣಿಯವರಿಗೆಲ್ಲ ಅವಳು ಡಿಕ್ಕಿ ಅಕ್ಕ. ಕಂಪ್ಯೂಟರಿನೊಳಗೆ ಕಾರನ್ನು ಮನುಷ್ಯನಿಗೆ ಗುದ್ದಿಸಿ, ಏಟು ಎಲ್ಲಿ ಬೀಳುತ್ತದೆ, ಅದನ್ನು ಹೇಗೆ ತಗ್ಗಿಸಬಹುದು ಎಂದು ಕಾರು ತಯಾರಿಸುವವರಿಗೆ ತಿಳಿಸುವುದು ಅವಳ ಕೆಲಸ. ಗುದ್ದಿಸಿಕೊಳ್ಳುವವನು ಮಾತ್ರ ಯಾವಾಗಲೂ ಒಬ್ಬನೇ: ಎತ್ತರದ, ಕೈಬೀಸಿ ನಡೆಯುವ ಗಂಡಸು.

"ಈ ಮಹಾರಾಯ ಮನೆಗೆ ಒಂದು ಕಟ್ಟು ಸೊಪ್ಪೂ ತರಲ್ವಾ ಸಾರ್? ಕೂಸೆತ್ಕೊಂಡ ಹೆಂಗಸರು ರಸ್ತೆ ದಾಟಲ್ವಾ?" ಎಂದು ಅವಳು ಮುಖ್ಯಸ್ಥರನ್ನು ಕೇಳಿದ್ದಳು.

"ಅವನು ಸ್ಟ್ಯಾಂಡರ್ಡ್ ಕಣಮ್ಮಾ. ಇಲ್ಲಿನ ಕಂಪ್ಯೂಟರಿಗೆ ಅವನ ಲೆಕ್ಕಕ್ಕೇ ಬಿಡುವಿಲ್ಲ. ನಿಮ್ಮ ಹೆಂಗಸನ್ನ ಸೇರಿಸ್ಬೇಕಾ? ಸೋಮವಾರದ ಮೀಟಿಂಗಿಗೆ ಫಲಿತಾಂಶ ತನ್ನಿ. ಬಾನೆಟ್ಟಿನ ಆಕಾರ ಅವತ್ತೇ ಪಕ್ಕಾ ಆಗತ್ತೆ."

ಅವಳು ಮನೆಯಲ್ಲೇ ಕಂಪ್ಯೂಟರಿನೊಳಗೆ ಹೆಂಗಸೊಬ್ಬಳನ್ನು ಕಟ್ಟಿ ನಿಲ್ಲಿಸಿದಳು. ತನ್ನಷ್ಟೇ ಎತ್ತರ, ಒಂದು ಕೈಯಲ್ಲಿ ಚೀಲ, ಕಂಕುಳಲ್ಲಿ ಕೂಸು. ಬಿದ್ದರೆ ಊರಲು ಕೈಯೇ ಇಲ್ಲ. ಮಲಗುವ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ಶನಿವಾರ ಡಿಕ್ಕಿಯ ಲೆಕ್ಕ ಶುರುಮಾಡಿದಳು. ಭಾನುವಾರ ಸಂಜೆಗೆ ಮುಗಿಯಬೇಕಿತ್ತು. ಆದಷ್ಟು ಲೆಕ್ಕವನ್ನು ನಡುವೆ ಉಳಿಸಿಡಲು ಅದರಲ್ಲಿ ಜಾಗವಿರಲಿಲ್ಲ; ನಿಂತರೆ ಮತ್ತೆ ಮೊದಲಿನಿಂದಲೇ.

ಭಾನುವಾರ ಅಡುಗೆ, ಪಾತ್ರೆ, ಮಗಳ ಸ್ನಾನ, ಅತ್ತೆಯ ಮಾತ್ರೆ. ಒಂದೊಂದು ಕೆಲಸದ ನಡುವೆಯೂ ಸೆರಗಿಗೆ ಕೈ ಒರೆಸಿಕೊಂಡು ಬಂದು ಪರದೆ ನೋಡುತ್ತಿದ್ದಳು. ಕಾರು ಮಂಡಿಗೆ ತಾಗಿತ್ತು. ಮೈ ಬಾಗುತ್ತಿತ್ತು. ಕೂಸಿನ ತಲೆ ಬಾನೆಟ್ಟಿನತ್ತ ಹೊರಟಿತ್ತು. ತಾರಸಿಯ ಮೇಲೆ ಒಣಗಿದ್ದ ಬಟ್ಟೆ ತರಲು ಹೋಗಿ ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಪಕ್ಕದಲ್ಲೇ ಗಂಡ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

"ಪ್ಲಗ್ ಕಿತ್ರಾ?"

"ಐದೇ ನಿಮಿಷ ಕಣೇ. ಮತ್ತೆ ಹಾಕಿದ್ರೆ ನಿಂತಲ್ಲಿಂದ ಓಡಲ್ವಾ?"

"ಮಿಕ್ಸಿ ಅಲ್ಲರೀ ಅದು!"

ಒಳಗಿಂದ ಅತ್ತೆ ಕೂಗಿದರು: "ಪಾಪ, ತನ್ನ ಅಂಗಿ ತಾನೇ ಇಸ್ತ್ರಿ ಮಾಡ್ಕೊಂಡ್ರೂ ಬೈಗುಳ!"

ಸೋಮವಾರ ಬಾನೆಟ್ಟು ಪಕ್ಕಾ ಆಯಿತು, ಕೈಬೀಸಿ ನಡೆಯುವವನ ಅಳತೆಗೆ. "ಮುಂದಿನ ಕಾರಿಗೆ ನೋಡೋಣ ಬಿಡಿ," ಎಂದರು ಮುಖ್ಯಸ್ಥರು. ವರದಿ ಟೈಪ್ ಮಾಡುವ ಕೆಲಸವೂ ಅವಳಿಗೇ ಬಂತು.

ಸಂಜೆ ಶಿಶುವಿಹಾರದಿಂದ ಮಗಳನ್ನೆತ್ತಿಕೊಂಡು, ಇನ್ನೊಂದು ಕೈಯಲ್ಲಿ ತರಕಾರಿ ಹಿಡಿದು ರಸ್ತೆಯಂಚಿನಲ್ಲಿ ನಿಂತಳು. ಕಾರೊಂದು ಮೈ ಸವರುವಂತೆ ಹೋಯಿತು. ಅದರ ಬಾನೆಟ್ಟಿನ ಅಂಚು ಮಗಳ ಜೋತಾಡುವ ಕಾಲಿನ ಮಟ್ಟಕ್ಕೇ ಇತ್ತು.

ಮನೆಗೆ ಬಂದವಳೇ ಲೆಕ್ಕವನ್ನು ಮೊದಲಿನಿಂದ ಶುರುಮಾಡಿದಳು.

"ಮೀಟಿಂಗ್ ಮುಗೀತಲ್ಲ, ಇನ್ಯಾಕೆ?" ಎಂದ ಗಂಡ.

"ಮುಂದಿನ ಕಾರು ಬರತ್ತಲ್ಲ."

ಮರುದಿನ ಬೆಳಿಗ್ಗೆ ಅವನು ಮುದುಡಿದ ಅಂಗಿ ಹಿಡಿದು ಮನೆಯೆಲ್ಲ ಜಾಲಾಡುತ್ತಿದ್ದಾಗ, ಇಸ್ತ್ರಿಪೆಟ್ಟಿಗೆ ಅವಳ ಚೀಲದಲ್ಲಿ ಕೂತು ಆಫೀಸಿನ ದಾರಿ ಹಿಡಿದಿತ್ತು.