ಎರಡು ಕಡ್ಡಿ ಹೆಚ್ಚಿನ ಆಂಟೆನಾ

ಕಾಜಾದಕ್ಕನಿಗೆ ಹೊಟ್ಟೆಕಿಚ್ಚಾದರೆ ಅವಳು ಬೈಯುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಪೊರಕೆ ಹಿಡಿಯುತ್ತಿದ್ದಳು. ಗುಡಿಸಿದ ನೆಲವನ್ನೇ ಇನ್ನೊಮ್ಮೆ ಗುಡಿಸುತ್ತಿದ್ದಳು. ಮಂಚದಡಿಯ ಟ್ರಂಕು ಎಳೆದು ಅದರ ಹಿಂದೆ ಗುಡಿಸುತ್ತಿದ್ದಳು, ಆಮೇಲೆ ಬಾಗಿಲ ಮೂಲೆಯ ಜೇಡರಬಲೆಯ ಬೆನ್ನು ಹತ್ತುತ್ತಿದ್ದಳು. ಸಂಜೆ ಕೆಲಸದಿಂದ ಬಂದ ಗಂಡ ಮನೆ ಥಳಥಳ ಹೊಳೆಯುವುದನ್ನು ಕಂಡರೆ, ಚಪ್ಪಲಿ ಬಿಡುವ ಮೊದಲೇ, “ಇವತ್ತು ಯಾರ ಮೇಲೆ?” ಎಂದು ಕೇಳುತ್ತಿದ್ದ.

ಆ ಹೆಸರು ಅವಳಿಗೆ ಬಂದದ್ದು ಕೆಲಸದಿಂದ. ರೆಡಿಮೇಡ್ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅವಳು ಕೂರುತ್ತಿದ್ದದ್ದು ಕಾಜಾ ಮೆಷಿನ್ನಿನ ಮುಂದೆ. ಗುಂಡಿ ತೂರುವ ಸೀಳಿನ ಅಂಚಿಗೆ ದಾರ ಸುತ್ತುವ ಕೆಲಸ. ಅಂಗಿಯ ಕಾಜಾಗಳೆಲ್ಲ ಕತ್ತಿನಿಂದ ಹೊಟ್ಟೆಯವರೆಗೆ ಒಂದೇ ಸಾಲಿಗೆ ನಿಲ್ಲಬೇಕು. ಒಂದು ಎಳೆ ಸರಿದರೂ ತೊಟ್ಟವನ ಎದೆಯೇ ಸೊಟ್ಟ ಕಾಣುತ್ತದೆ. ಅಳತೆಪಟ್ಟಿ ಇಡದೆಯೇ ಆ ಒಂದು ಎಳೆ ಅವಳ ಕಣ್ಣಿಗೆ ಬೀಳುತ್ತಿತ್ತು. ಮಗಳ ಬೈತಲೆ, ಗೋಡೆಯ ಕ್ಯಾಲೆಂಡರು, ಎದುರು ಮನೆಯ ಕಿಟಕಿ, ಸೊಟ್ಟಗಿದ್ದದ್ದು ಯಾವುದೂ ಅವಳನ್ನು ನೆಮ್ಮದಿಯಾಗಿ ಕೂರಲು ಬಿಡುತ್ತಿರಲಿಲ್ಲ. ಇನ್ನೊಬ್ಬರ ಮನೆಗೆ ಏನು ಬಂತು, ಎಷ್ಟು ಬಂತು ಎಂಬುದನ್ನೂ ಅದೇ ಕಣ್ಣು ಅಷ್ಟೇ ಚೊಕ್ಕವಾಗಿ ಅಳೆಯುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕನ ರಿಬ್ಬನ್ನು ತನ್ನದಕ್ಕಿಂತ ಬೆರಳಗಲ ಉದ್ದವಿದೆ ಎಂದು ಪತ್ತೆಹಚ್ಚಿ ಊಟ ಬಿಟ್ಟು ಕೂತವಳು ಅವಳು.

ಮದುವೆಯಾಗಿ ಬಂದ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಎರಡು ಪಾಲು. ಮೇಲಿನ ಮನೆ ಭಾವನದು, ಕೆಳಗಿನದು ಇವರದು. ಮೇಲೆ ಗಾಳಿ ಹೆಚ್ಚು, ಬೆಳಕು ಹೆಚ್ಚು, ಬಟ್ಟೆ ಬೇಗ ಒಣಗುತ್ತದೆ. ಅಷ್ಟನ್ನೆಲ್ಲ ಪೊರಕೆಯಲ್ಲೇ ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲೇ ಉಳಿದದ್ದು ಒಂದು. ಅವಳ ಮಗಳು.

ಶಾಲೆ ಬಿಟ್ಟ ಮಗುವನ್ನು ಓರಗಿತ್ತಿಯೇ ಕರೆತಂದು ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅವಳ ಇಬ್ಬರು ಗಂಡುಮಕ್ಕಳು ಬೆಳೆದು ಉಣ್ಣಲು, ಮಲಗಲು ಮಾತ್ರ ಮನೆಗೆ ಬರುವಂಥವರು. ಹಾಗಾಗಿ ಹುಡುಗಿಯನ್ನು ಕಂಡರೆ ಅವಳಿಗೆ ಪ್ರಾಣ. ಕಾರ್ಖಾನೆಯಿಂದ ಬಂದ ತಾಯಿ ಮೆಟ್ಟಿಲ ಕೆಳಗೆ ನಿಂತು ಕೂಗಿದರೆ, ಮೇಲಿನಿಂದ “ಇನ್ನೊಂಚೂರು ಅಮ್ಮ” ಎಂಬ ಮಾತು ಇಳಿದುಬರುತ್ತಿತ್ತು, ಮಗು ಇಳಿಯುತ್ತಿರಲಿಲ್ಲ. ಹಾಲು ಆರಿ ಕೆನೆ ಕಟ್ಟುತ್ತಿತ್ತು. ಕಂಬಿಯಿಲ್ಲದ ಆ ಮೆಟ್ಟಿಲಲ್ಲಿ ಕತ್ತಲಾದ ಮೇಲೆ ಮಗು ಒಂಟಿಯಾಗಿ ಇಳಿದರೆ ಗತಿಯೇನು, ಅಷ್ಟು ಹತ್ತಿರ ಕೂತು ಟಿವಿ ನೋಡಿದರೆ ಕಣ್ಣು ಏನಾಗಬೇಕು ಎಂದೆಲ್ಲ ಗಂಡನ ತಲೆ ತಿನ್ನುತ್ತಿದ್ದಳು. ನಿಜವಾದ ಚಿಂತೆ ಅದಲ್ಲ ಎಂದು ಗಂಡನಿಗೂ ಗೊತ್ತಿತ್ತು.

ಇವರಲ್ಲೂ ಒಂದು ಟಿವಿ ಇತ್ತು, ಯಾರೋ ಬಳಸಿ ಕೊಟ್ಟದ್ದು. ಅದರ ತಲೆಯ ಮೇಲಿನ ಎರಡು ಕೊಂಬುಗಳನ್ನು ಎತ್ತ ಎಳೆದರೂ ಬರುತ್ತಿದ್ದದ್ದು ಬರೀ ಗೊರಗೊರ ಸದ್ದು. ಮೇಲಿನವರಿಗಾದರೋ ತಾರಸಿಯಲ್ಲಿ ಆಂಟೆನಾ ಇತ್ತು. ಮಗು ಚಿತ್ರಕ್ಕಾಗಿ ಹೋಗುತ್ತಿದೆ, ಚಿತ್ರ ಇಲ್ಲೇ ಬಂದರೆ ಮಗುವೂ ಇಲ್ಲೇ ಇರುತ್ತದೆ. ಕಾಜಾದಕ್ಕನ ಲೆಕ್ಕ ನೇರವಾಗಿತ್ತು. ಟಿವಿ ಹಾಕಿದ ಹೊತ್ತಿನಲ್ಲಿ ಓರಗಿತ್ತಿಯ ಹೊಸ್ತಿಲು ತುಳಿಯಬಾರದೆಂಬ ಹಟ ಅವಳದು. ಹಾಗಾಗಿ ಅಲ್ಲಿ ಎಂಥ ಚಿತ್ರ ಬರುತ್ತದೆ ಎಂದು ಅವಳು ಕಣ್ಣಾರೆ ನೋಡಿದ್ದೇ ಇಲ್ಲ. ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಆಂಟೆನಾದ ಕಡ್ಡಿಗಳನ್ನು ಮಾತ್ರ ಎಣಿಸಿಕೊಂಡು ಬಂದಿದ್ದಳು.

ಗಂಡನ ಜೊತೆ ಆಂಟೆನಾ ಕೊಳ್ಳಲು ಹೋದಾಗ ಅಂಗಡಿಯವನು ಟವರು ಎಷ್ಟು ದೂರ, ಮಧ್ಯೆ ಗುಡ್ಡ ಇದೆಯೇ, ಮರ ಇದೆಯೇ ಎಂದು ವಿಚಾರಿಸಿದ.

“ದೂರ ಗೀರ ನನಗೆ ಗೊತ್ತಿಲ್ಲಪ್ಪ,” ಎಂದಳು. “ಮೇಲಿನ ಮನೆಯವರದ್ದಕ್ಕಿಂತ ಎರಡು ಕಡ್ಡಿ ಹೆಚ್ಚಿಗೆ ಇರೋದು ಕೊಡಿ.”

ಅಂಗಡಿಯವನು ಗಂಡನ ಮುಖ ನೋಡಿದ. ಗಂಡ ಸೂರಿಗೆ ತೂಗುಹಾಕಿದ್ದ ಬಲ್ಬುಗಳನ್ನು ನೋಡತೊಡಗಿದ.

ಆಂಟೆನಾ ಕಟ್ಟಲು ಬಂದವನು ಬೀದಿಯ ರೇಡಿಯೋ ರಿಪೇರಿಯವನು. ಏನು ಹೇಳಿದರೂ ಆಗಲಿ ಎನ್ನುವ ಸ್ವಭಾವದಿಂದ ‘ಆಗ್ಲಿಯಪ್ಪ’ ಎಂದೇ ಹೆಸರಾದವನು. ಕಬ್ಬಿಣದ ಕೊಳವೆ ಮೇಲಿನವರದ್ದಕ್ಕಿಂತ ಒಂದು ಗೇಣು ಎತ್ತರ ಇರಬೇಕು ಎಂದಳು, ಆಗಲಿ ಎಂದ. ಯಾವ ದಿಕ್ಕಿಗೆ ಎಂಬ ಪ್ರಶ್ನೆ ಇಬ್ಬರಿಗೂ ಏಳಲಿಲ್ಲ. ಭಾವ ಬಸ್ಸು ಓಡಿಸುವವರು. ಊರಿನ ದಿಕ್ಕುಗಳೆಲ್ಲ ಅಂಗೈಯಲ್ಲಿವೆ ಎನ್ನುವವರು. ದೂರದಲ್ಲಿ ಕೆಂಪು ದೀಪ ಮಿನುಗುವ ಎತ್ತರದ ಕಂಬವೇ ಟಿವಿ ಟವರು ಎಂದು ಅವರು ತಮ್ಮ ಆಂಟೆನಾವನ್ನು ಅದರತ್ತ ಮುಖಮಾಡಿ ಕಟ್ಟಿದ್ದರು. ಡ್ರೈವರೇ ಹೇಳಿದ ಮೇಲೆ ಮುಗಿಯಿತು ಎಂದು ಅಕ್ಕಪಕ್ಕದ ತಾರಸಿಗಳೂ ಆ ಕಡೆಗೇ ತಿರುಗಿದ್ದವು. ಕಾಜಾದಕ್ಕ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ತನ್ನ ಆಂಟೆನಾವನ್ನು ಓರಗಿತ್ತಿಯದರ ಸಾಲಿಗೆ ಒಂದೆಳೆಯೂ ತಪ್ಪದಂತೆ ನಿಲ್ಲಿಸಿಕೊಂಡಳು.

ಕೆಳಗೆ ಬಂದು ನೋಡಿದರೆ ಪರದೆಯ ತುಂಬ ಇರುವೆ ಮುತ್ತಿದಂತಿತ್ತು. ಇರುವೆಗಳ ಆಚೆ ಯಾರೋ ಮಾತಾಡುತ್ತಿದ್ದರು. ಗಂಡಸೋ ಹೆಂಗಸೋ ತಿಳಿಯದು.

“ಮೇಲೂ ಹಿಂಗೇ ಬರೋದು ಅಮ್ಮ,” ಎಂದಿತು ಮಗು. ಹೇಳಿದ್ದೇ ಮೆಟ್ಟಿಲು ಹತ್ತಿ ಹೋಯಿತು.

ತನ್ನನ್ನು ಸಮಾಧಾನ ಮಾಡಲು ಮಗು ಹಾಗೆ ಹೇಳಿತೆಂದುಕೊಂಡಳೇ ಹೊರತು ತಾಯಿ ಅದನ್ನು ನಂಬಲಿಲ್ಲ. ಆ ಸಂಜೆ ಅಂಗಳಕ್ಕೂ ಪೊರಕೆ ಬಿತ್ತು.

ರಜೆಯ ದಿನ ಅವಳೇ ಸ್ಪ್ಯಾನರ್ ಹಿಡಿದು ತಾರಸಿ ಹತ್ತಿದಳು. ಗಂಡ ಟಿವಿಯ ಮುಂದೆ, ಮಗು ಕಿಟಕಿಯ ಬಳಿ. ಅಪ್ಪ ಹೇಳಿದ್ದನ್ನು ಮಗು ಮೇಲಕ್ಕೆ ಕೂಗಬೇಕು. “ಬಂತಾ?” “ಇಲ್ಲ.” “ಈಗ?” “ಹೋಯ್ತು.” ಬಿಸಿಲು ನೆತ್ತಿಗೇರಿತು. ರೋಸಿಹೋಗಿ ಕೊಳವೆಯನ್ನು ಸುಮ್ಮನೆ ಅರ್ಧ ಸುತ್ತು ತಿರುಗಿಸಿಬಿಟ್ಟಳು. ಆಂಟೆನಾ ಕೆಂಪು ದೀಪದ ಕಂಬಕ್ಕೆ ಬೆನ್ನು ಹಾಕಿ ನಿಂತದ್ದೇ ತಡ, ಕೆಳಗಿನಿಂದ ಮಗುವನ್ನೂ ಮೀರಿಸಿ ಗಂಡನೇ ಕೂಗಿದ: “ಬಂತು, ಬಂತು, ಹಲ್ಲು ಕೂಡ ಕಾಣ್ತಿದೆ!”

ನಿಜವಾದ ಟವರು ಆ ದಿಕ್ಕಿನ ಗುಡ್ಡದ ಆಚೆಗಿತ್ತು. ಭಾವನ ಕೆಂಪು ದೀಪದ್ದು ಟೆಲಿಫೋನಿನ ಕಂಬ ಎಂದು ಗಂಡ ಎಲ್ಲೋ ವಿಚಾರಿಸಿಕೊಂಡು ಬಂದ. ಅಣ್ಣನಿಗೆ ಹೇಳೋಣವೇ ಎಂದು ಕೇಳಿದ. ಕಾಜಾದಕ್ಕ ಬೇಡವೆಂದು ತಲೆಯಲ್ಲಾಡಿಸಿದಳು. ಬೀದಿಯಲ್ಲೆಲ್ಲ ತನ್ನೊಬ್ಬಳ ಆಂಟೆನಾ ಮಾತ್ರ ಉಳಿದವಕ್ಕೆ ಬೆನ್ನು ತಿರುಗಿಸಿ ನಿಂತಿದ್ದನ್ನು ನೋಡಿ ನೋಡಿ ಅವಳಿಗೆ ಹೊಟ್ಟೆ ತಣ್ಣಗಾಗಿತ್ತು. ಪೊರಕೆ ಬಾಗಿಲ ಹಿಂದೆ ಒರಗಿಕೊಂಡು ಸುಖವಾಗಿತ್ತು.

ಆದರೆ ಆ ಸುಖ ಹೆಚ್ಚು ದಿನ ಬಾಳಲಿಲ್ಲ. ಮೊದಮೊದಲು ಮಗು ಚಾಪೆಯ ಮೇಲೆ ಕೂತು ನೋಡಿತು. ಆಮೇಲೆ ಆಕಳಿಸುತ್ತ ನೋಡಿತು. ಒಂದು ಸಂಜೆ ಹಾಲಿನ ಲೋಟ ಕೆಳಗಿಟ್ಟು ಬಾಗಿಲ ಕಡೆ ನಡೆಯಿತು.

“ಇಲ್ಲೇ ಚೆನ್ನಾಗಿ ಕಾಣುತ್ತಲ್ಲೇ?” ಎಂದಳು ತಾಯಿ. ದನಿ ಮೆತ್ತಗೆ ಇರಲೆಂದು ಬಹಳ ಪ್ರಯತ್ನಪಟ್ಟಳು.

“ಇಲ್ಲಿ ಎಲ್ಲ ಕಾಣುತ್ತೆ,” ಎಂದಿತು ಮಗು. “ಅಲ್ಲಿ ದೊಡ್ಡಮ್ಮ ಹೇಳ್ತಾಳೆ.”

ಏನು ಹೇಳುತ್ತಾಳೆ? ಪೊರಕೆ ಹಿಡಿದವಳು ಅರ್ಧಕ್ಕೇ ಬಿಟ್ಟು, ಹಟ ಮುರಿದು, ಸದ್ದಾಗದಂತೆ ಮೆಟ್ಟಿಲು ಹತ್ತಿದಳು. ಓರಗಿತ್ತಿಯ ಬಾಗಿಲು ಓರೆಯಾಗಿತ್ತು. ಒಳಗೆ ಪರದೆಯ ತುಂಬ ಅದೇ ಇರುವೆ. ಅದರ ಎದುರು ಓರಗಿತ್ತಿ ಕಾಲು ಚಾಚಿ ಕಡಲೆಕಾಯಿ ಸುಲಿಯುತ್ತಿದ್ದಳು. ಮಗು ಅವಳ ಸೊಂಟಕ್ಕೆ ಒತ್ತಿಕೊಂಡು ಕೂತಿತ್ತು.

“ಈಗ ನೋಡು, ಇವನು ಬಾಗಿಲ ಹಿಂದೆ ನಿಂತಿದ್ದಾನೆ. ಕೈಯಲ್ಲಿ ಏನೋ ಉದ್ದಕ್ಕಿದೆ.”

“ಏನು ದೊಡ್ಡಮ್ಮ?”

“ಹಾವಿರಬೇಕು. ಹೆಂಡತಿ ಬಂದ ಕೂಡಲೇ ಬಿಡ್ತಾನೆ ನೋಡ್ತಿರು. ಪಾಪಿ, ಮುಖ ನೋಡಿದ್ರೇ ಗೊತ್ತಾಗುತ್ತೆ.”

ಮುಖವೆಂಬುದು ಅಲ್ಲಿ ಇರಲೇ ಇಲ್ಲ. ಕಾಜಾದಕ್ಕ ಈಗಷ್ಟೇ ಕೆಳಗೆ ಅದೇ ಕಾರ್ಯಕ್ರಮವನ್ನು ಕನ್ನಡಿಯಲ್ಲಿ ಕಂಡಂತೆ ನೋಡಿ ಬಂದಿದ್ದಳು. ಯಾರೋ ಒಬ್ಬ ನೀರಿನ ಪಂಪು ಬಿಚ್ಚಿ ರಿಪೇರಿ ಹೇಳಿಕೊಡುತ್ತಿದ್ದ. ಕೈಯಲ್ಲಿದ್ದದ್ದು ರಬ್ಬರಿನ ಪೈಪು. ಮಗುವಾದರೋ ಉಸಿರು ಬಿಗಿಹಿಡಿದು ಆ ಹಾವಿಗಾಗಿ ಕಾಯುತ್ತಿತ್ತು. ತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಂದು ಮುಖವೂ ಕಾಣದ ಈ ಪೆಟ್ಟಿಗೆಯ ಮುಂದೆ, ಇವಳ ಬಾಯಿಯೊಂದಕ್ಕಾಗಿ, ನನ್ನ ಮಗಳು ನನ್ನನ್ನು ಬಿಟ್ಟು ಬರುತ್ತಾಳೆ.

ಚಿತ್ರ ಸರಿಯಾದರೆ ಬಾಯಿಗೆ ಕೆಲಸವಿರುವುದಿಲ್ಲ. ಈ ಯೋಚನೆ ಬಂದದ್ದೇ ಅವಳು ಬಾಗಿಲು ತಳ್ಳಿ ಒಳಗೆ ಹೋದಳು.

“ಅಕ್ಕ, ನಿಮ್ಮ ಆಂಟೆನಾ ನಾನೇ ತಿರುಗಿಸಿ ಕೊಡ್ತೀನಿ. ಪಾಪ, ಎಷ್ಟು ಕಣ್ಣು ನೋಯಿಸ್ಕೋತೀರಿ.” ಮಾತು ಜೇನಿನಂತೆ ಬಂತು. ಅವಳಿಗೇ ಆಶ್ಚರ್ಯವಾಯಿತು.

ಓರಗಿತ್ತಿ ಹಿಗ್ಗಿಹೋದಳು. “ನಿಮ್ಮ ಭಾವ ಅದನ್ನ ಮುಟ್ಟೋಕೆ ಬಿಡಲ್ಲ ತಾಯಿ. ಭಾನುವಾರ ಅವರು ಡ್ಯೂಟಿಗೆ ಹೋದ ಮೇಲೆ ಮಾಡು.” ಮಗು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿತು.

ಭಾನುವಾರ ತಾರಸಿಗೆ ಹೋಗುವ ಮುಂಚೆ, ಕಿಟಕಿಯ ಒಳಗೇ ನಿಲ್ಲಬೇಕು, ಕಟ್ಟೆ ಹತ್ತಬಾರದು, ಕತ್ತು ಹೊರಗೆ ಚಾಚಬಾರದು ಎಂದು ಮಗಳಿಗೆ ತಾಕೀತು ಮಾಡಿದಳು. ಟಿವಿಯ ಮುಂದೆ ಓರಗಿತ್ತಿ ಕೂರಬೇಕಿತ್ತು. ಆದರೆ ನಲ್ಲಿಗೆ ನೀರು ಬಂತೆಂದು ಕೊಡ ಎತ್ತಿಕೊಂಡು ಅವಳು ಕೆಳಗೆ ಓಡಿದಳು. ನೋಡುವುದೂ ಕೂಗುವುದೂ ಎರಡೂ ಮಗುವಿನ ಪಾಲಿಗೆ ಬಂತು.

ಕಾಜಾದಕ್ಕ ಬೋಲ್ಟು ಸಡಿಲಿಸಿ ತಿರುಗಿಸಿದಳು. “ಬಂತಾ?”

“ಇಲ್ಲ ಅಮ್ಮ.”

ಇನ್ನಷ್ಟು ತಿರುಗಿಸಿದಳು. ಹಿಂದೆ ಸರಿದು ಒಂದು ಕಣ್ಣು ಮುಚ್ಚಿದಳು. ಎರಡು ಆಂಟೆನಾಗಳೂ ಗುಡ್ಡದ ಕಡೆಗೆ ಒಂದೇ ಅಂಗಿಯ ಎರಡು ಕಾಜಾಗಳಂತೆ ಸಾಲಾಗಿ ನಿಂತಿದ್ದವು. ಒಂದೆಳೆಯ ವ್ಯತ್ಯಾಸವಿಲ್ಲ. “ಈಗ?”

ಕಿಟಕಿಯಿಂದ ಮಗುವಿನ ದನಿ ಸಣ್ಣಗೆ ಬಂತು: “ಇನ್ನೂ ಹಾಳಾಯ್ತು ಅಮ್ಮ. ಮೊದಲಿನ ಥರಾನೇ ಇಟ್ಟುಬಿಡು.”

ಅವಳು ಇನ್ನೊಮ್ಮೆ ಒಂದು ಕಣ್ಣು ಮುಚ್ಚಿ ನೋಡಿದಳು. ತನ್ನ ಕಣ್ಣು ತಪ್ಪಿರಲು ಸಾಧ್ಯವಿಲ್ಲ. ಈ ಗೆರೆಗೆ ಕೆಳಗಿನ ಟಿವಿಯಲ್ಲಿ ಹಲ್ಲು ಕಾಣುತ್ತದೆ, ಮೇಲಿನದರಲ್ಲಿ ಕಾಣದೆ ಇರುತ್ತದೆಯೇ? ಲೋಟ ಒಡೆದರೆ ಚೂರುಗಳನ್ನು ಎತ್ತಿಕೊಂಡು ತಾನೇ ಬಂದು ಒಪ್ಪಿಸುವ ಹುಡುಗಿ ಇದು. ಅಂಥದ್ದು ಈಗ ಕಿಟಕಿಯೊಳಗೆ ನಿಂತು, ಫಳಫಳ ಬಂದ ಚಿತ್ರದ ಎದುರಿಗೆ, ತಾಯಿಗೆ ಸುಳ್ಳು ಹೇಳುತ್ತಿದೆ. ದೊಡ್ಡಮ್ಮನ ಹಾವುಗಳು, ಪಾಪಿಗಳು ಇರುವೆಗಳ ನಡುವೆ ಬದುಕಿ ಉಳಿಯಲೆಂದು.

ನನಗೋಸ್ಕರ ಇವಳು ಎಂದಾದರೂ ಹೀಗೊಂದು ಸುಳ್ಳು ಹೇಳಿಯಾಳೇ?

ಬೋಲ್ಟು ಇಲ್ಲೇ ಬಿಗಿದು ಕೆಳಗಿಳಿದು ಹೋದರೆ ಗೆದ್ದ ಹಾಗೆ. ಮಗುವಿನ ಸುಳ್ಳು ಪರದೆಯ ಮೇಲೇ ಸಿಕ್ಕಿಬೀಳುತ್ತದೆ. ಅದರ ಮುಖ ಆಗ ಹೇಗಿರುತ್ತದೆ ಎಂದು ಊಹಿಸಿದಳು. ಅಲ್ಲಿಂದ ಊಹೆ ಮುಂದೆ ಹೋಗಲಿಲ್ಲ. ಕೊಳವೆ ಹಿಡಿದು ಹಿಂದಕ್ಕೆ ತಿರುಗಿಸಿದಳು, ಕೆಂಪು ದೀಪದ ಕಡೆಗೆ, ಭಾವ ಕಟ್ಟಿದ್ದ ಗೆರೆಗೇ.

“ಈಗ?”

“ಈಗ ಸರಿಹೋಯ್ತು ಅಮ್ಮ,” ಎಂದು ಮಗು ಬಾಯಿ ತುಂಬ ಕೂಗಿತು.

ಬೋಲ್ಟನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗಿ ತಿರುವಿದಳು. ಮೆಟ್ಟಿಲಲ್ಲಿ ಕೊಡ ಹೊತ್ತ ಓರಗಿತ್ತಿ ಎದುರಾಗಿ ಏನಾಯಿತೆಂದು ಕೇಳಿದಳು.

“ಈ ಕಡೆಗೇ ಚೆನ್ನಾಗಿ ಬರೋದು ಅಕ್ಕ, ಹಾಗೇ ಇಟ್ಟೆ.”

“ನಾನು ಹೇಳ್ಲಿಲ್ವಾ? ಬಸ್ಸು ಓಡಿಸೋರಿಗೆ ದಿಕ್ಕು ಗೊತ್ತಾಗದೆ ಇರುತ್ತಾ?”

ಆ ಸಂಜೆ ಕಾಜಾದಕ್ಕ ತನ್ನ ಟಿವಿ ಹಾಕಲಿಲ್ಲ. ಗುಡಿಸೋಣವೆಂದರೆ ಮನೆಯಲ್ಲಿ ಧೂಳೂ ಉಳಿದಿರಲಿಲ್ಲ. ಹಾಲಿನ ಲೋಟ ಹಿಡಿದು ಮೇಲೆ ಹೋದಳು. ಅವಳನ್ನು ಕಂಡ ಮಗು ಜಾಗ ಬಿಡಲು ಚಾಪೆಯ ಮೇಲೆ ಸರಿಯಿತು. ಸರಿದದ್ದು ದೊಡ್ಡಮ್ಮನ ಕಡೆಗೇ, ಇನ್ನೂ ಒತ್ತಿಕೊಂಡು. ಅದನ್ನೂ ಅವಳ ಕಣ್ಣು ಅಳೆಯಿತು. ಬೆರಳಗಲ. ಹಲ್ಲು ಕಚ್ಚಿ ಕೂತಳು. ನೆಲದ ಮೇಲೆ ಬಿದ್ದಿದ್ದ ಕಡಲೆಸಿಪ್ಪೆಗಳನ್ನು ಕೈ ತಾನಾಗಿ ಬಳಿಯತೊಡಗಿತು.

ಪರದೆಯಲ್ಲಿ ಬಾಗಿದ ಆಕಾರವೊಂದು ಅಲುಗಾಡುತ್ತಿತ್ತು.

“ನೋಡು, ಇವಳು ಅಳ್ತಿದ್ದಾಳೆ,” ಎಂದಳು ಓರಗಿತ್ತಿ. “ಯಾಕೆ ಗೊತ್ತಾ?”

“ಯಾಕೆ?”

ಓರಗಿತ್ತಿ ಬಾಯಿಗೆ ಕಡಲೆಬೀಜ ಹಾಕಿಕೊಂಡಿದ್ದಳು. ಅವಳು ಅಗಿದು ಮುಗಿಸುವಷ್ಟರಲ್ಲಿ ಕಾಜಾದಕ್ಕನ ಬಾಯಿಂದ ಮಾತು ಬಂದುಹೋಗಿತ್ತು.

“ಹೊಟ್ಟೆಕಿಚ್ಚಿಗೆ.”

ಮಗು ಪರದೆಯಿಂದ ಕಣ್ಣು ಕಿತ್ತು ಅವಳ ಕಡೆಗೆ ತಿರುಗಿತು. ಪೂರ್ತಿಯಾಗಿ, ಮೊಣಕಾಲ ಸಮೇತ. “ಯಾರ ಮೇಲೆ ಅಮ್ಮ? ಆಮೇಲೆ?”

ಆಮೇಲೆ ಏನೆಂದು ಅವಳಿಗೂ ಗೊತ್ತಿರಲಿಲ್ಲ. ಇರುವೆಗಳ ನಡುವೆ ಆ ಆಕಾರ ಇನ್ನೂ ಬಾಗಿಯೇ ಇತ್ತು. ಸಿಪ್ಪೆ ತುಂಬಿದ ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕಾಜಾದಕ್ಕ ಮುಂದುವರಿಸಿದಳು.

“ಆಮೇಲೆ ಅವಳು ಪೊರಕೆ ತಗೊಂಡಳು.”