ಊಟದ ಹೊತ್ತಿನ ಜನರಲ್
ಜಪಾನೀ ಸೈನ್ಯ ಲೇಯ್ಟೆ ದ್ವೀಪವನ್ನು ಹಿಡಿದಿದ್ದ ಕಾಲದಲ್ಲಿ ಮರದಿಂದ ಕಳ್ಳು ಇಳಿಸುವ ತಿಬುರ್ಸಿಯೊ, ರೇಡಿಯೊದಲ್ಲಿ ಕದ್ದು ಕೇಳಿದ ಅಮೆರಿಕದ ಜನರಲ್‌ನ ಭಾಷಣವನ್ನು ಊರವರ ಊಟದ ಹೊತ್ತಿಗೇ ಬಂದು ಒಪ್ಪಿಸುತ್ತಿದ್ದ. ಎದೆ ಉಬ್ಬಿಸಿ, “ತಾಳಿರಿ ನನ್ನ ಜನಗಳೇ, ಬರುತ್ತಿದ್ದೇನೆ” ಎನ್ನುವಷ್ಟರಲ್ಲಿ ಅವನ ಕೈ ಮರಗೆಣಸಿನ ತಟ್ಟೆಗೆ ಇಳಿದಿರುತ್ತಿತ್ತು. ವಿಧವೆ ಯುಲಾಲಿಯಾಗೆ ರೋಸಿಹೋಗಿತ್ತು. ಆ ಮಾತು ನಂಬಿ ಗೆರಿಲ್ಲಾಗಳ ಜೊತೆ ಹೋದ ಗಂಡ ಹೆಣವಾಗಿದ್ದ. “ನಿನ್ನ ಜನರಲ್ ಬರೋದ್ರೊಳಗೆ ನಮ್ಮನೆ ಗೆಣಸು ಖಾಲಿ ಆಗತ್ತೆ ಕಣೋ.” “ಬಂದೇ ಬರ್ತಾನೆ ಅಕ್ಕಾ, ಉಪ್ಪು ಕೊಡು.” ಒಂದು ಮಧ್ಯಾಹ್ನ ಅವನು ಅವಳ ಮನೆಯಲ್ಲಿ ಉಣ್ಣುತ್ತಿದ್ದಾಗ ಅಮೆರಿಕದ ಹಡಗುಗಳು ಕಂಡವೆಂಬ ಸುದ್ದಿ ಬಂತು, ಬಂದಿಳಿಯುವವರಿಗೆ ದಾರಿ ತೋರಿಸಲು ಅವನು ಅರ್ಧ ಊಟದಲ್ಲೇ ಎದ್ದ. ಭಾಷಣ ಮರೆತೇಹೋಗಿತ್ತು. “ತೊಲಗು ಅತ್ಲಾಗೆ,” ಎಂದಳು. ಊಟದ ನಡುವೆ ಎದ್ದು ಹೊರಟವರು ಕ್ಷೇಮವಾಗಿ ಮರಳಲೆಂದು ಉಳಿದವರು ತಮ್ಮ ತಟ್ಟೆಯನ್ನು ಇದ್ದಲ್ಲೇ ಒಂದು ಸುತ್ತು ತಿರುಗಿಸುವುದು ಅಲ್ಲಿಯ ವಾಡಿಕೆ. ಗಂಡನಿಗೂ ತಿರುಗಿಸಿದ್ದಳು, ಫಲಿಸಿರಲಿಲ್ಲ. ಆದರೂ ತಿಬುರ್ಸಿಯೊ ಮೆಟ್ಟಿಲು ಇಳಿಯುವ ಮೊದಲೇ ತಟ್ಟೆ ತಿರುಗಿಸಿದಳು.